ಶಿಫಾರಸು ಪತ್ರಕ್ಕೆ ಯಾವ ಮೇಷ್ಟ್ರನ್ನು ಕೇಳಬೇಕು, ಹೇಗೆ ಕೇಳಬೇಕು?

ಪ್ರಶ್ನೆ: ನಾನು ಹಾಸನದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತಿದ್ದೇನೆ. ಈಗ ಏಳನೇ ಸೆಮಿಸ್ಟರ್. ಅಮೆರಿಕದಲ್ಲಿ ಎಂ.ಎಸ್. ಮಾಡಬೇಕೆಂಬ ಆಸೆ ಇದೆ. ನಾನು ಗುರುತು ಹಾಕಿಕೊಂಡಿರುವ ವಿಶ್ವವಿದ್ಯಾಲಯಗಳೆಲ್ಲ ಮೂರು ಶಿಫಾರಸು ಪತ್ರ ಕೇಳುತ್ತವೆ. ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ನಾನೇ ಮೊದಲು, ಹಾಗಾಗಿ ವಿಚಾರಿಸೋಣವೆಂದರೆ ಗೊತ್ತಿರುವವರು ಯಾರೂ ಇಲ್ಲ. ಎಚ್‌ಒಡಿ ಮತ್ತು ಪ್ರಿನ್ಸಿಪಾಲರ ಪತ್ರವಾದರೆ ತೂಕ ಹೆಚ್ಚು ಎಂದು ಸ್ನೇಹಿತರು ಹೇಳುತ್ತಾರೆ. ಆದರೆ ಪ್ರಿನ್ಸಿಪಾಲರಿಗೆ ನನ್ನ ಹೆಸರೂ ಗೊತ್ತಿಲ್ಲ. ಒಬ್ಬ ಸರ್ ಅವರನ್ನು ಕೇಳಿದಾಗ, "ನೀನೇ ಬರ್ಕೊಂಡು ಬಾಮ್ಮ, ಸೈನ್ ಹಾಕಿ ಕೊಡ್ತೀನಿ" ಅಂದರು. ಹಾಗೆ ಮಾಡಬಹುದೇ? ಅರ್ಜಿಯಲ್ಲಿ, ಪತ್ರವನ್ನು ನೋಡುವ ಹಕ್ಕನ್ನು ಬಿಟ್ಟುಕೊಡುತ್ತೀರಾ ಎಂಬ ಪ್ರಶ್ನೆಯೂ ಇದೆ. ಅದಕ್ಕೆ ಹೌದು ಅನ್ನಬೇಕೋ, ಇಲ್ಲ ಅನ್ನಬೇಕೋ ತಿಳಿಯುತ್ತಿಲ್ಲ. ಮೇಷ್ಟ್ರುಗಳನ್ನು ಕೇಳುವುದಕ್ಕೇ ಸಂಕೋಚವಾಗುತ್ತದೆ. ದಯವಿಟ್ಟು ವಿವರವಾಗಿ ತಿಳಿಸಿ.
— ಒಬ್ಬ ವಿದ್ಯಾರ್ಥಿನಿ, ಹಾಸನ

ಉತ್ತರ: ನಿಮ್ಮ ಪ್ರಶ್ನೆ ಓದಿ ಸಂತೋಷವಾಯಿತು. ಬಹಳ ಮಂದಿ ಈ ವಿಷಯವನ್ನು ಯಾರನ್ನೂ ಕೇಳದೆ, ಹಿಂದಿನ ಬ್ಯಾಚಿನವರು ಮಾಡಿದಂತೆ ತಾವೂ ಮಾಡಿ ಮುಗಿಸಿಬಿಡುತ್ತಾರೆ. ನಮ್ಮಲ್ಲಿ ಸಿಇಟಿಯಾಗಲಿ ಬೋರ್ಡ್ ಪರೀಕ್ಷೆಯಾಗಲಿ, ಅಂಕ ಮತ್ತು ರ‍್ಯಾಂಕ್ ನೋಡಿ ಸೀಟು ಕೊಡುತ್ತಾರೆ. ಪಾಠ ಹೇಳಿದ ಮೇಷ್ಟ್ರು ಈ ಹುಡುಗಿಯ ಬಗ್ಗೆ ಏನು ಹೇಳುತ್ತಾರೆ ಎಂದು ಯಾರೂ ಕೇಳುವುದಿಲ್ಲ. ಆ ಪದ್ಧತಿಯಲ್ಲೇ ಬೆಳೆದವರಿಗೆ ಈ ಪತ್ರದ ವಿಷಯದಲ್ಲಿ ಗೊಂದಲವಾಗುವುದು ಸಹಜ, ಸಂಕೋಚವೂ ಸಹಜ. ಯಾರನ್ನು ಕೇಳಬೇಕು, ಹೇಗೆ ಕೇಳಬೇಕು, ನೀವೇ ಬರೆಯಬಹುದೇ, ಆ ಹಕ್ಕಿನ ಪ್ರಶ್ನೆಗೆ ಏನು ಉತ್ತರ ಕೊಡಬೇಕು ಎಂಬ ನಿಮ್ಮ ನಾಲ್ಕೂ ಸಂದೇಹಗಳನ್ನು ಒಂದೊಂದಾಗಿ ತೆಗೆದುಕೊಳ್ಳೋಣ. ಅದಕ್ಕೂ ಮೊದಲು, ಅಲ್ಲಿಯವರು ಈ ಪತ್ರವನ್ನು ಯಾಕೆ ಕೇಳುತ್ತಾರೆ ಎಂಬುದು ಗೊತ್ತಾದರೆ ಮುಂದಿನದೆಲ್ಲ ಸುಲಭ.

ನಿಮ್ಮ ಅರ್ಜಿ ಓದುವವರು ಅಲ್ಲಿನ ವಿಭಾಗದ ನಾಲ್ಕೈದು ಮಂದಿ ಅಧ್ಯಾಪಕರು. ಅವರ ಮುಂದೆ ನಿಮ್ಮ ಅಂಕಪಟ್ಟಿ ಇರುತ್ತದೆ. ವಿಟಿಯು ಸಿಜಿಪಿಎ 8.6 ಎಂದು ಅದರಲ್ಲಿ ಬರೆದಿದೆ ಎಂದಿಟ್ಟುಕೊಳ್ಳಿ. ಹಾಸನದ ನಿಮ್ಮ ಕಾಲೇಜಿನಲ್ಲಿ ಈ 8.6 ಎಂದರೆ ತರಗತಿಯ ಮೊದಲ ಐದು ಜನರಲ್ಲಿ ಒಬ್ಬಳೋ, ನಲವತ್ತನೆಯವಳೋ ಎಂಬುದು ಅಷ್ಟು ದೂರದಲ್ಲಿ ಕುಳಿತವರಿಗೆ ತಿಳಿಯುವ ದಾರಿ ಇಲ್ಲ. ಆ ಅಂಕ ಗಟ್ಟು ಹೊಡೆದು ಬಂದದ್ದೋ, ವಿಷಯದಲ್ಲಿ ಮುಳುಗಿ ಬಂದದ್ದೋ ಎಂಬುದಂತೂ ಅಂಕಪಟ್ಟಿಯಲ್ಲಿ ಕಾಣುವುದೇ ಇಲ್ಲ. ಇದನ್ನು ಹೇಳಬಲ್ಲವರು ನಿಮ್ಮನ್ನು ಹತ್ತಿರದಿಂದ ನೋಡಿದ ಅಧ್ಯಾಪಕರು ಮಾತ್ರ. ಅದಕ್ಕಾಗಿ ಪತ್ರ ಕೇಳುತ್ತಾರೆ.

ಹಾಗಾಗಿ ಇದನ್ನು ಕಾಲೇಜು ಆಫೀಸಿನಲ್ಲಿ ಟಿ.ಸಿ. ಜೊತೆಗೆ ಕೊಡುವ ನಡತೆ ಪ್ರಮಾಣಪತ್ರದ ಹಾಗೆ ಭಾವಿಸಬೇಡಿ. "ನಡತೆ ಉತ್ತಮವಾಗಿದೆ" ಎಂಬ ಒಂದು ಸಾಲಿಗೆ ಸೀಲು ಬಿದ್ದರೆ ಅದರ ಕೆಲಸ ಮುಗಿಯಿತು. ಇಲ್ಲಿ ಸೀಲಿಗಿಂತ ಒಳಗಿನ ಮಾತು ಮುಖ್ಯ. ಒಂದು ಉದಾಹರಣೆ ನೋಡಿ. "ಈಕೆ ಶ್ರಮಜೀವಿ, ವಿನಯವಂತೆ, ಸಮಯಪಾಲನೆ ಇರುವವಳು" ಎಂದು ಒಬ್ಬರು ಬರೆದರು. ಇನ್ನೊಬ್ಬರು ಹೀಗೆ ಬರೆದರು: "ಮೈಕ್ರೊಕಂಟ್ರೋಲರ್ ಲ್ಯಾಬಿನಲ್ಲಿ 8051 ಕಿಟ್‌ನಿಂದ ಕಂಪ್ಯೂಟರಿಗೆ ಕಳಿಸಿದ ಅಕ್ಷರಗಳು ಕಲಸಿಹೋಗಿ ಬರುತ್ತಿದ್ದವು. ಉಳಿದ ಬ್ಯಾಚಿನವರು ಬೇರೆ ಕಿಟ್ ಕೇಳಿ ತೆಗೆದುಕೊಂಡರು. ಈಕೆ ಅದೇ ಕಿಟ್ ಇಟ್ಟುಕೊಂಡು ಬಾಡ್ ರೇಟ್ ಲೆಕ್ಕ ಹಾಕಿ, ಬೋರ್ಡಿನ ಮೇಲೆ 11.0592 ಮೆಗಾಹರ್ಟ್ಸ್ ಕ್ರಿಸ್ಟಲ್ ಇರಬೇಕಾದ ಕಡೆ 12 ಮೆಗಾಹರ್ಟ್ಸ್‌ನದು ಕೂತಿದೆ ಎಂದು ತೋರಿಸಿದಳು." ಎರಡನೆಯ ಪತ್ರದಲ್ಲಿ ಶ್ರಮಜೀವಿ ಎಂಬ ಮಾತು ಎಲ್ಲೂ ಇಲ್ಲ. ಆದರೂ ಅದನ್ನು ಓದಿದ ಎಲೆಕ್ಟ್ರಾನಿಕ್ಸ್ ಪ್ರಾಧ್ಯಾಪಕರು ನಿಮ್ಮನ್ನು ಮರೆಯುವುದಿಲ್ಲ. ಮೊದಲನೆಯದನ್ನು ಯಾರ ಬಗ್ಗೆ ಬೇಕಾದರೂ ಬರೆಯಬಹುದು, ಎರಡನೆಯದನ್ನು ನಿಮ್ಮೊಬ್ಬರ ಬಗ್ಗೆ ಮಾತ್ರ ಬರೆಯಬಹುದು.

ಇಷ್ಟು ತಿಳಿದರೆ ಯಾರನ್ನು ಕೇಳಬೇಕು ಎಂಬ ಮೊದಲ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿದಂತೆ. ಲ್ಯಾಬಿನಲ್ಲಿ ಆ ಕಿಟ್ ಮುಂದೆ ನಿಮ್ಮ ಪಕ್ಕದಲ್ಲಿ ನಿಂತಿದ್ದವರನ್ನು ಕೇಳಬೇಕು. ಅವರು ಅಸಿಸ್ಟೆಂಟ್ ಪ್ರೊಫೆಸರ್ ಆಗಿರಲಿ, ಸೇರಿ ನಾಲ್ಕೇ ವರ್ಷವಾಗಿರಲಿ, ಚಿಂತೆಯಿಲ್ಲ. ಪ್ರಿನ್ಸಿಪಾಲರ ಹುದ್ದೆ ದೊಡ್ಡದು, ನಿಜ. ಆದರೆ ನಿಮ್ಮ ಹೆಸರೇ ಗೊತ್ತಿಲ್ಲದವರು ಬರೆಯುವ ಪತ್ರದಲ್ಲಿ ನಿಮ್ಮ ಅಂಕಪಟ್ಟಿಯಲ್ಲಿ ಇರುವುದಕ್ಕಿಂತ ಹೆಚ್ಚಿನದು ಏನೂ ಇರಲಾರದು. ಓದುವವರಿಗೆ ಅದು ಎರಡನೇ ವಾಕ್ಯದಲ್ಲೇ ಗೊತ್ತಾಗುತ್ತದೆ. ಎಚ್‌ಒಡಿ ನಿಮಗೆ ಒಂದು ವಿಷಯ ಪಾಠ ಹೇಳಿದ್ದರೆ, ಅಥವಾ ಪ್ರಾಜೆಕ್ಟ್ ರಿವ್ಯೂಗಳಲ್ಲಿ ನಿಮ್ಮನ್ನು ಪ್ರಶ್ನೆ ಕೇಳಿ ಉತ್ತರ ಪಡೆದಿದ್ದರೆ, ಧಾರಾಳವಾಗಿ ಕೇಳಿ. ಬರೀ ಹುದ್ದೆಗಾಗಿ ಕೇಳಬೇಡಿ. ಊರಿನ ಶಾಸಕರದೋ, ವಿದೇಶದಲ್ಲಿರುವ ಸಂಬಂಧಿಕರದೋ ಪತ್ರ ಸೇರಿಸಿದರೆ ಅನುಕೂಲವಾಗಬಹುದೇ ಎಂದು ಕೆಲವು ತಂದೆತಾಯಿ ಕೇಳುವುದುಂಟು. ಈ ಕೆಲಸಕ್ಕೆ ಅದರಿಂದ ಏನೂ ಪ್ರಯೋಜನವಿಲ್ಲ.

ಮೂವರನ್ನು ಆರಿಸುವಾಗ ಮೂವರೂ ನಿಮ್ಮ ಬೇರೆ ಬೇರೆ ಕೆಲಸ ನೋಡಿದವರಾಗಿದ್ದರೆ ಒಳ್ಳೆಯದು. ಪ್ರಾಜೆಕ್ಟ್ ಗೈಡ್ ಒಬ್ಬರು ಇರಲೇಬೇಕು. ತಿಂಗಳುಗಟ್ಟಲೆ ಒಂದೇ ಕೆಲಸವನ್ನು ನೀವು ಹೇಗೆ ಎಳೆದುಕೊಂಡು ಹೋದಿರಿ ಎಂಬುದನ್ನು ಅವರಷ್ಟು ಬಲ್ಲವರು ಇಲ್ಲ. ಎರಡನೆಯವರು, ನೀವು ಮುಂದೆ ಓದಬೇಕೆಂದಿರುವ ವಿಷಯಕ್ಕೆ ಹತ್ತಿರದ ಪಾಠ ಹೇಳಿದವರು. ಮೂರನೆಯವರು ಇನ್ನೊಬ್ಬ ಅಧ್ಯಾಪಕರಾಗಬಹುದು, ಇಲ್ಲವೇ ಇಂಟರ್ನ್‌ಶಿಪ್ ಮಾಡಿದ ಕಡೆ ನಿಮ್ಮ ಕೆಲಸವನ್ನು ದಿನವೂ ನೋಡಿದ ಎಂಜಿನಿಯರ್ ಆಗಬಹುದು. ಅಧ್ಯಾಪಕರೊಬ್ಬರು ಕಾಲೇಜು ಬಿಟ್ಟುಹೋಗಿದ್ದರೆ ಅಥವಾ ನಿವೃತ್ತರಾಗಿದ್ದರೆ ಅವರನ್ನು ಕೈಬಿಡಬೇಕಾಗಿಲ್ಲ. ಯಾವ ವರ್ಷ, ಯಾವ ಹುದ್ದೆಯಲ್ಲಿದ್ದಾಗ ನಿಮಗೆ ಪಾಠ ಹೇಳಿದರು ಎಂದು ಪತ್ರದಲ್ಲಿ ಬರೆದರೆ ಸಾಕು. ಇನ್ನೊಂದು ಮಾತು: ನೀವು ಅತಿ ಹೆಚ್ಚು ಅಂಕ ತೆಗೆದ ವಿಷಯದ ಅಧ್ಯಾಪಕರೇ ನಿಮ್ಮನ್ನು ಚೆನ್ನಾಗಿ ಬಲ್ಲವರಾಗಿರಬೇಕೆಂದಿಲ್ಲ. ಮೊದಲ ಇಂಟರ್ನಲ್ಸ್‌ನಲ್ಲಿ ಕಡಿಮೆ ಬಂದು, ಸ್ಟಾಫ್ ರೂಮಿಗೆ ಹೋಗಿ ಹೋಗಿ ಸಂದೇಹ ಕೇಳಿ, ಕೊನೆಗೆ ಆ ವಿಷಯ ಹಿಡಿತಕ್ಕೆ ಸಿಕ್ಕಿದ್ದರೆ, ಆ ಅಧ್ಯಾಪಕರ ಬಳಿ ಹೇಳುವುದಕ್ಕೆ ಒಂದು ನಿಜವಾದ ಸಂಗತಿ ಇರುತ್ತದೆ.

ಬರೆಯುವವರು ನೀವು ಮಾಡಿದ್ದರಲ್ಲಿ ಎಲ್ಲವನ್ನೂ ಬಲ್ಲವರಾಗಿರಬೇಕು ಎಂದೂ ಇಲ್ಲ. ಇದಕ್ಕೆ ನಮ್ಮ ನೆರೆಯ ಮದ್ರಾಸಿನದೇ ಒಂದು ಹಳೆಯ ನಿದರ್ಶನವಿದೆ. ಶ್ರೀನಿವಾಸ ರಾಮಾನುಜನ್ ಮದ್ರಾಸ್ ಬಂದರು ಟ್ರಸ್ಟಿನಲ್ಲಿ ಗುಮಾಸ್ತರಾಗಿದ್ದಾಗ, 1913ರಲ್ಲಿ, ಭಾರತೀಯ ಹವಾಮಾನ ಇಲಾಖೆಯ ಮುಖ್ಯಸ್ಥರಾಗಿದ್ದ ಗಿಲ್ಬರ್ಟ್ ವಾಕರ್ ಅವರು ರಾಮಾನುಜನ್ನರ ಕೆಲಸವನ್ನು ನೋಡಿ ಮದ್ರಾಸ್ ವಿಶ್ವವಿದ್ಯಾಲಯದ ರಿಜಿಸ್ಟ್ರಾರರಿಗೆ ಪತ್ರ ಬರೆದರು. ವಾಕರ್ ಸ್ವತಃ ಕೇಂಬ್ರಿಜ್‌ನಲ್ಲಿ ಗಣಿತದಲ್ಲಿ ಮೊದಲ ಸ್ಥಾನ ಪಡೆದಿದ್ದವರು. ತಾವು ಕಂಡ ಕೆಲಸದ ಸ್ವಂತಿಕೆ ಕೇಂಬ್ರಿಜ್ ಕಾಲೇಜೊಂದರ ಗಣಿತದ ಫೆಲೋ ಒಬ್ಬರ ಕೆಲಸಕ್ಕೆ ಸಮ ಎಂದು ಅವರು ಹೇಳಿದರು. ಅದೇ ಪತ್ರದಲ್ಲಿ, ಗಣಿತದ ಆ ಶಾಖೆಯಲ್ಲಿ ತಮಗೆ ವಿಶೇಷ ಪರಿಣತಿ ಇಲ್ಲ, ಯುರೋಪಿನ ಮಟ್ಟದ ಹೆಸರು ಬಂದೀತೇ ಎಂದು ಖಚಿತವಾಗಿ ಹೇಳಲಾರೆ ಎಂದೂ ಬರೆದರು. ಕೆಲವೇ ವಾರಗಳಲ್ಲಿ ವಿಶ್ವವಿದ್ಯಾಲಯ ರಾಮಾನುಜನ್ನರಿಗೆ ತಿಂಗಳಿಗೆ 75 ರೂಪಾಯಿಯ ಸಂಶೋಧನಾ ವಿದ್ಯಾರ್ಥಿವೇತನ ಕೊಟ್ಟಿತು. ತಾನು ಕಂಡದ್ದು ಇಷ್ಟು, ಕಾಣದ್ದು ಇಷ್ಟು ಎಂದು ಬಿಡಿಸಿ ಹೇಳುವ ಪತ್ರವನ್ನು ಓದುವವರು ಈಗಲೂ ಹೆಚ್ಚು ನಂಬುತ್ತಾರೆ.

ಈ ಉತ್ತರವನ್ನು ಓದುತ್ತಿರುವ ಪಿಯುಸಿ ವಿದ್ಯಾರ್ಥಿಗಳಿಗಾಗಿ ಇಲ್ಲೇ ಒಂದಷ್ಟು ಹೇಳಿಬಿಡುತ್ತೇನೆ. ಪದವಿಗೇ ಅಮೆರಿಕಕ್ಕೆ ಹೋಗುವವರು ಬಹುಪಾಲು ಕಾಮನ್ ಆ್ಯಪ್ ಎಂಬ ಒಂದೇ ಅರ್ಜಿಯ ಮೂಲಕ ಹಲವು ಕಾಲೇಜುಗಳಿಗೆ ಅರ್ಜಿ ಹಾಕುತ್ತಾರೆ. 1975ರಲ್ಲಿ ಹದಿನೈದು ಕಾಲೇಜುಗಳಿಂದ ಆರಂಭವಾದ ಈ ವ್ಯವಸ್ಥೆಯಲ್ಲಿ ಈಗ ಸಾವಿರಕ್ಕೂ ಹೆಚ್ಚು ಕಾಲೇಜುಗಳಿವೆ. ಅಲ್ಲಿ ಉಪನ್ಯಾಸಕರ ಪತ್ರಗಳ ಜೊತೆಗೆ ಶಾಲಾ ಕೌನ್ಸೆಲರ್ ತುಂಬುವ ವರದಿಯೂ ಇರುತ್ತದೆ. ನಮ್ಮ ಪಿಯು ಕಾಲೇಜುಗಳಲ್ಲಿ ಅಂಥ ಹುದ್ದೆ ಸಾಮಾನ್ಯವಾಗಿ ಇಲ್ಲದಿರುವುದರಿಂದ ಪ್ರಿನ್ಸಿಪಾಲರೇ ಅದನ್ನು ತುಂಬಬಹುದು. ಎಂಐಟಿಯಂಥ ಸಂಸ್ಥೆ ಇಬ್ಬರು ಉಪನ್ಯಾಸಕರ ಪತ್ರ ಕೇಳುತ್ತದೆ: ಒಬ್ಬರು ಗಣಿತ ಅಥವಾ ವಿಜ್ಞಾನದವರು, ಇನ್ನೊಬ್ಬರು ಭಾಷೆ ಅಥವಾ ಸಮಾಜವಿಷಯಗಳವರು. ಕನ್ನಡ ಪಾಠ ಹೇಳಿದವರೂ ಈ ಎರಡನೆಯ ಪತ್ರ ಬರೆಯಬಹುದು. ಕನ್ನಡ ಮೇಷ್ಟ್ರು ಹುಡುಗರನ್ನು ಬಹಳ ಚೆನ್ನಾಗಿ ಬಲ್ಲರು, ಅವರನ್ನು ಮರೆಯಬೇಡಿ. ಬ್ರಿಟನ್ನಿನಲ್ಲಿ ಯುಕಾಸ್ ಮೂಲಕ ಪದವಿಗೆ ಅರ್ಜಿ ಹಾಕುವವರಿಗೆ ಒಂದೇ ಶಿಫಾರಸು ಸಾಕು.

ಈಗ ಯಾವಾಗ ಕೇಳಬೇಕು ಎಂಬುದು. ಆಗಸ್ಟಿನಲ್ಲಿ ತರಗತಿ ಶುರುವಾಗುವ ಕೋರ್ಸುಗಳಿಗೆ ಕೊನೆಯ ದಿನ ಹೆಚ್ಚಾಗಿ ಹಿಂದಿನ ಡಿಸೆಂಬರ್ 1, ಡಿಸೆಂಬರ್ 15 ಅಥವಾ ಜನವರಿಯ ಮೊದಲೆರಡು ವಾರಗಳಲ್ಲಿ ಬೀಳುತ್ತದೆ. ನಮ್ಮ ಕಾಲೇಜುಗಳಲ್ಲಿ ಕೊನೆಯ ಇಂಟರ್ನಲ್ಸ್, ಲ್ಯಾಬ್ ಪರೀಕ್ಷೆ, ಸೆಮಿಸ್ಟರ್ ಪರೀಕ್ಷೆ, ವ್ಯಾಲ್ಯುಯೇಷನ್ ಎಲ್ಲವೂ ಬಂದು ಕೂಡಿಕೊಳ್ಳುವುದು ಸುಮಾರಾಗಿ ಇದೇ ಹೊತ್ತಿಗೆ. ಆಗ ಹೋಗಿ "ಸರ್, ನಾಡಿದ್ದು ಲಾಸ್ಟ್ ಡೇಟ್" ಎಂದರೆ, ಎಷ್ಟೇ ಪ್ರೀತಿಯಿರುವ ಮೇಷ್ಟ್ರಾದರೂ ಏನು ಬರೆದಾರು? ದಸರಾ ರಜೆಗೆ ಮುಂಚೆಯೇ ಕೇಳಿಬಿಡಿ. ಕಡಿಮೆಯೆಂದರೆ ಒಂದೂವರೆ ತಿಂಗಳ ಸಮಯ ಅವರ ಕೈಯಲ್ಲಿರಲಿ.

ಮೊದಲ ಸಲ ಮುಖತಃ ಕೇಳುವುದೇ ಸರಿ. ವಾಟ್ಸ್‌ಆ್ಯಪ್‌ನಲ್ಲಿ ಎರಡು ಸಾಲು ಹಾಕಿ ಕೈತೊಳೆದುಕೊಳ್ಳಬೇಡಿ. ಕಾರಿಡಾರಿನಲ್ಲಿ ಕ್ಲಾಸಿಗೆ ಓಡುತ್ತಿರುವವರನ್ನು ನಿಲ್ಲಿಸಿಯೂ ಕೇಳಬೇಡಿ. "ಮೇಡಂ, ಹತ್ತು ನಿಮಿಷ ಮಾತಾಡಬೇಕಿತ್ತು, ಯಾವಾಗ ಬರಲಿ?" ಎಂದು ಸಮಯ ಕೇಳಿಕೊಂಡು ಹೋಗಿ. ಮಾತು ಹೇಗಿರಬೇಕು ಎಂಬುದಕ್ಕೆ ಒಂದು ಮಾದರಿ ಕೊಡುತ್ತೇನೆ, ನಿಮ್ಮ ಬಾಯಿಗೆ ಹೊಂದುವಂತೆ ಬದಲಾಯಿಸಿಕೊಳ್ಳಿ:

"ಸರ್, ನಾನು ಎಂ.ಎಸ್.ಗೆ ಅಪ್ಲೈ ಮಾಡ್ತಾ ಇದೀನಿ. ನಾಲ್ಕನೇ ಸೆಮಲ್ಲಿ ನಿಮ್ಮ ಮೈಕ್ರೊಕಂಟ್ರೋಲರ್ ಲ್ಯಾಬ್ ಮಾಡಿದ ಮೇಲೇನೇ ನನಗೆ ಎಂಬೆಡೆಡ್ ಕಡೆ ಮನಸ್ಸು ಹೋಗಿದ್ದು. ನನ್ನ ಕೆಲಸ ನೀವು ನೋಡಿದೀರಿ. ನನ್ನ ಬಗ್ಗೆ ಒಳ್ಳೆ ಪತ್ರ ಬರೆಯೋವಷ್ಟು ಪರಿಚಯ ಇದೆ ಅಂತ ನಿಮಗೆ ಅನ್ನಿಸಿದರೆ ಬರೆದುಕೊಡ್ತೀರಾ ಸರ್? ಈಗ ಕೆಲಸ ಜಾಸ್ತಿ ಇದ್ದರೆ ಹೇಳಿ ಸರ್, ನಾನು ತಪ್ಪು ತಿಳ್ಕೊಳಲ್ಲ."

ಕೊನೆಯ ಎರಡು ಮಾತುಗಳನ್ನು ಬಿಡಬೇಡಿ. ಆಗುವುದಿಲ್ಲ ಎನ್ನುವುದಕ್ಕೆ ಅವರಿಗೆ ಮರ್ಯಾದೆಯ ದಾರಿ ಇರಬೇಕು. ನಮ್ಮ ಮೇಷ್ಟ್ರುಗಳು ವಿದ್ಯಾರ್ಥಿಗಳ ಮುಖಕ್ಕೆ ಇಲ್ಲ ಎನ್ನುವುದು ಕಡಿಮೆ. "ನೋಡೋಣ", "ಆಮೇಲೆ ನೆನಪಿಸು", "ನಿನ್ನ ಸೆಕ್ಷನ್ ಮೇಡಂನ ಒಂದು ಸಲ ಕೇಳು" ಎಂಬಂಥ ಮಾತು ಬಂದರೆ, ಅವರಿಗೆ ನಿಮ್ಮ ಬಗ್ಗೆ ಬರೆಯಲು ಸಾಕಷ್ಟು ವಿಷಯವಿಲ್ಲ ಎಂದು ತಿಳಿದು, ನಮಸ್ಕಾರ ಹೇಳಿ ಬೇರೆಯವರ ಹತ್ತಿರ ಹೋಗಿ. ಅದರಲ್ಲಿ ಅವಮಾನವೇನೂ ಇಲ್ಲ. ಒಲ್ಲದ ಮನಸ್ಸಿನಿಂದ ಬರೆದ ನಾಲ್ಕು ಸಾಲು ನಿಮ್ಮ ಅರ್ಜಿಗೆ ಕೆಡುಕನ್ನೇ ಮಾಡುತ್ತದೆ.

ನಿಮ್ಮ ಸಂಕೋಚದ ಬಗ್ಗೆಯೂ ಹೇಳಬೇಕು. ಪತ್ರ ಬರೆಯುವುದು ಅಧ್ಯಾಪಕರಿಗೆ ಹೊರೆ ಎಂದು ನೀವು ಅಂದುಕೊಂಡಿದ್ದೀರಿ. ಸಮಯ ಹಿಡಿಯುತ್ತದೆ, ನಿಜ. ಆದರೆ ಅರವತ್ತು ಜನರ ತರಗತಿಯಲ್ಲಿ ಪಾಠ ಹೇಳುವವರಿಗೆ, ತಾವು ಹೇಳಿದ ಒಂದು ಪಾಠ ಒಬ್ಬ ಹುಡುಗಿಯ ಮುಂದಿನ ದಾರಿಯನ್ನೇ ತಿರುಗಿಸಿತು ಎಂದು ಕೇಳುವ ಸಂದರ್ಭ ಎಷ್ಟು ಸಲ ಬಂದೀತು? ಕಾರಣ ಹೇಳಿ ಕೇಳಿದರೆ ಬಹುತೇಕ ಮೇಷ್ಟ್ರುಗಳಿಗೆ ಖುಷಿಯೇ ಆಗುತ್ತದೆ.

ಅವರು ಒಪ್ಪಿದ ಮೇಲೆ ನಿಮ್ಮ ನಿಜವಾದ ಕೆಲಸ ಶುರು. ಎರಡು ವರ್ಷದ ಹಿಂದಿನ ಲ್ಯಾಬಿನಲ್ಲಿ ನಡೆದದ್ದು ಅವರಿಗೆ ನೆನಪಿರುತ್ತದೆ ಎಂದು ನಂಬಿಕೊಳ್ಳಬೇಡಿ. ಅವರ ಕಂಪ್ಯೂಟರಿನಲ್ಲಿ ನೀವು ಒಂದು ಯುಎಸ್‌ಎನ್, ಅದರ ಎದುರು ಇಂಟರ್ನಲ್ಸ್ ಅಂಕ, ಅಷ್ಟೇ. ನೆನಪಿಸುವುದು ನಿಮ್ಮ ಜವಾಬ್ದಾರಿ. ಒಂದು ಪುಟದಲ್ಲಿ, ಸಾಮಾನ್ಯ ಇಂಗ್ಲಿಷಿನಲ್ಲಿ, ಹೀಗೆ ಬರೆದು ಕೊಡಿ: ಯಾವ ಸೆಮಿಸ್ಟರ್, ಯಾವ ಸೆಕ್ಷನ್, ಅವರು ಹೇಳಿದ ಯಾವ ವಿಷಯ, ಅದರಲ್ಲಿ ಬಂದ ಅಂಕ. ಆಮೇಲೆ ಅವರ ಕಣ್ಣೆದುರು ನಡೆದ ಎರಡು ಮೂರು ಸಂಗತಿ. "ಎರಡನೇ ಸೀರಿಯಲ್ ಪೋರ್ಟ್ ಪ್ರಯೋಗದ ದಿನ ಕ್ರಿಸ್ಟಲ್ ವಿಷಯ ನಿಮಗೆ ತೋರಿಸಿದ್ದೆ, ಮುಂದಿನ ವಾರ ಅದನ್ನು ಇಡೀ ಬ್ಯಾಚಿಗೆ ವಿವರಿಸಲು ನೀವು ಹೇಳಿದಿರಿ" ಎಂಬಷ್ಟು ಖಚಿತವಾಗಿರಲಿ. ಹೊಗಳಿಕೆಯ ಪದ ಒಂದೂ ಬೇಡ. ಏನಾಯಿತು ಎಂಬುದನ್ನು ನೀವು ಹೇಳಿ, ಅದರ ಬೆಲೆ ಎಷ್ಟು ಎಂಬುದನ್ನು ಅವರು ಹೇಳುತ್ತಾರೆ.

ಈ ಪುಟದ ಜೊತೆಗೆ ಅಂಕಪಟ್ಟಿಗಳ ಪ್ರತಿ, ಒಂದು ಪುಟದ ರೆಸ್ಯೂಮೆ, ಪ್ರಾಜೆಕ್ಟಿನ ಸಾರಾಂಶ, ನೀವು ಅರ್ಜಿಗಾಗಿ ಬರೆದ ಉದ್ದೇಶ ಪತ್ರದ ಕರಡು ಇರಲಿ. ಕೊನೆಗೆ ವಿಶ್ವವಿದ್ಯಾಲಯಗಳ ಪಟ್ಟಿ. ಹೆಸರು, ಕೋರ್ಸು, ಕೊನೆಯ ದಿನಾಂಕ, ಮೂರು ಕಾಲಂ ಸಾಕು, ಬೇಗ ಮುಗಿಯುವುದು ಮೇಲೆ ಬರಲಿ. ಅಲ್ಲಿನ ಕೊನೆಯ ಗಂಟೆ ನಮ್ಮಲ್ಲಿ ಮರುದಿನ ಬೆಳಗ್ಗೆಯೋ ಮಧ್ಯಾಹ್ನವೋ ಆಗುತ್ತದೆ. ಆ ಹೆಚ್ಚುವರಿ ಗಂಟೆಗಳನ್ನು ಲೆಕ್ಕಕ್ಕೆ ಹಿಡಿಯದೆ, ನಮ್ಮ ದಿನಾಂಕಕ್ಕೆ ಒಂದು ವಾರ ಮೊದಲೇ ಎಂದು ಬರೆದುಕೊಡಿ. ಮೇಷ್ಟ್ರ ಹತ್ತಿರ ಇವೆಲ್ಲ ಒಂದೇ ಫೈಲಿನಲ್ಲಿದ್ದರೆ, ಭಾನುವಾರ ಬೆಳಗ್ಗೆ ಕೂತು ಬರೆದು ಮುಗಿಸುತ್ತಾರೆ.

ಇನ್ನು ಆ ಸರ್ ಹೇಳಿದ "ನೀನೇ ಬರ್ಕೊಂಡು ಬಾ" ಎಂಬ ಮಾತು. ಇದು ನಿಮ್ಮೊಬ್ಬರ ಅನುಭವವಲ್ಲ, ನಮ್ಮ ಎಷ್ಟೋ ಕಾಲೇಜುಗಳಲ್ಲಿ ಇದೇ ರೂಢಿಯಾಗಿಬಿಟ್ಟಿದೆ. ಅವರಲ್ಲಿ ಕೆಟ್ಟ ಉದ್ದೇಶ ಇರುತ್ತದೆ ಎಂದು ನಾನು ಹೇಳುವುದಿಲ್ಲ. ಪಾಠ, ಲ್ಯಾಬು, ನ್ಯಾಕ್ ಫೈಲುಗಳು, ಅದರ ಮೇಲೆ ಹತ್ತಾರು ವಿದ್ಯಾರ್ಥಿಗಳ ಪತ್ರ. ಪಾಠ ಅದ್ಭುತವಾಗಿ ಹೇಳುವ ಕೆಲವರಿಗೆ ಇಂಗ್ಲಿಷಿನಲ್ಲಿ ಒಂದು ಪುಟ ಬರೆಯಲು ಹಿಂಜರಿಕೆಯೂ ಇರುತ್ತದೆ. ವಿದ್ಯಾರ್ಥಿ ತಾನೇ ಬರೆದುಕೊಂಡರೆ ಅವಳಿಗೇ ಅನುಕೂಲ ಎಂದು ಪ್ರಾಮಾಣಿಕವಾಗಿ ನಂಬಿದವರೂ ಇದ್ದಾರೆ.

ಆದರೂ ನೀವು ಬರೆಯಬೇಡಿ. ಪತ್ರ ತನ್ನದೇ ಎಂದು ಬರೆದವರು ಒಪ್ಪಿ ಸಹಿ ಹಾಕುತ್ತಾರೆ, ಅರ್ಜಿಯಲ್ಲಿರುವುದೆಲ್ಲ ಸತ್ಯ ಎಂದು ನೀವು ಸಹಿ ಹಾಕುತ್ತೀರಿ. ಎರಡೂ ಸುಳ್ಳಾಗುತ್ತವೆ. ಹೊರಗೆ ಬಂದರೆ ಪ್ರವೇಶ ರದ್ದಾಗಬಹುದು. ಆ ಭಯಕ್ಕಿಂತ ದೊಡ್ಡದಾದ ಇನ್ನೊಂದು ಕಾರಣವಿದೆ. ನಿಮ್ಮ ಮೇಷ್ಟ್ರು ಹತ್ತು ಬ್ಯಾಚು ನೋಡಿದ್ದಾರೆ, ನೀವು ನೋಡಿರುವುದು ನಿಮ್ಮ ಒಂದೇ ಬ್ಯಾಚು. "ಹತ್ತು ವರ್ಷದಲ್ಲಿ ಈ ಪ್ರಯೋಗವನ್ನು ಇಷ್ಟು ಆಳಕ್ಕೆ ಹೋಗಿ ಮಾಡಿದವರು ಮೂರೋ ನಾಲ್ಕೋ ಜನ, ಅವರಲ್ಲಿ ಈಕೆ ಒಬ್ಬಳು" ಎಂಬ ವಾಕ್ಯವನ್ನು ಅವರು ಮಾತ್ರ ಬರೆಯಬಲ್ಲರು. ಅಲ್ಲಿಯವರು ಹುಡುಕುವುದು ಆ ವಾಕ್ಯವನ್ನೇ. ನೀವೇ ಬರೆದರೆ ಅದು ಬರುವುದೇ ಇಲ್ಲ, ಬಂದರೂ ಕಟ್ಟುಕತೆಯಾಗುತ್ತದೆ. ಸಾಲದ್ದಕ್ಕೆ ಮೂರು ಪತ್ರವೂ ನಿಮ್ಮ ಉದ್ದೇಶ ಪತ್ರವೂ ಒಂದೇ ಕೈಯ ಬರಹ ಎಂದು ಓದುವವರಿಗೆ ಸುಲಭವಾಗಿ ತಿಳಿಯುತ್ತದೆ. ಕನ್ಸಲ್ಟೆನ್ಸಿಯವರು ಕೊಡುವ ರೆಡಿಮೇಡ್ ನಮೂನೆಗೂ, ಚಾಟ್‌ಜಿಪಿಟಿಯಲ್ಲಿ ಬರೆಸಿದ ಪತ್ರಕ್ಕೂ ಇದೇ ಮಾತು.

ಹಾಗಾದರೆ ಆ ಸರ್‌ಗೆ ಏನು ಹೇಳುವುದು? ಎದುರಾಡಬೇಕಾಗಿಲ್ಲ. "ಸರ್, ಪತ್ರ ನಿಮ್ಮ ಮಾತಲ್ಲೇ ಇರಬೇಕಂತೆ. ನಾನು ಎಲ್ಲ ಪಾಯಿಂಟ್ಸ್ ಬರೆದು ತಂದಿದೀನಿ, ನೋಡಿಕೊಂಡು ನಿಮಗೆ ಅನಿಸಿದ್ದು ನಾಲ್ಕು ಪ್ಯಾರಾ ಬರೆದರೆ ಸಾಕು ಸರ್" ಎಂದು ಆ ಪುಟವನ್ನು ಮುಂದಿಡಿ. ಬಹಳಷ್ಟು ಸಲ ಇಷ್ಟರಿಂದಲೇ ಕೆಲಸ ಆಗುತ್ತದೆ, ಏಕೆಂದರೆ ಖಾಲಿ ಹಾಳೆಯ ಮುಂದೆ ಕೂರುವ ಕಷ್ಟವನ್ನು ನೀವು ಅರ್ಧ ತಪ್ಪಿಸಿದ್ದೀರಿ. ಇಂಗ್ಲಿಷಿನ ಹಿಂಜರಿಕೆ ಕಂಡರೆ, ಸರಳ ಇಂಗ್ಲಿಷೇ ಸಾಕು, ಅಲಂಕಾರ ಬೇಕಿಲ್ಲ ಎಂದು ಸಮಾಧಾನವಾಗಿ ಹೇಳಿ. ಅಲ್ಲಿ ಓದುವವರಿಗೆ ಬೇಕಾದದ್ದು ವಿಷಯ, ವ್ಯಾಕರಣದಲ್ಲಿ ಒಂದೆರಡು ತಪ್ಪಿದ್ದರೆ ಅದನ್ನು ಎಣಿಸುತ್ತ ಕೂರುವುದಿಲ್ಲ. ಇಷ್ಟಾದರೂ ಅವರು ಒಪ್ಪದಿದ್ದರೆ ಇನ್ನೊಬ್ಬ ಅಧ್ಯಾಪಕರನ್ನು ಹುಡುಕುವುದೇ ಮೇಲು. ಅವರ ಹೆಸರಿನಲ್ಲಿ ನೀವೇ ಒಂದು ಇಮೇಲ್ ಖಾತೆ ತೆರೆದು ಪತ್ರ ಕಳಿಸುವ ಕೆಲಸಕ್ಕಂತೂ ಯಾರು ಹೇಳಿದರೂ ಕೈಹಾಕಬೇಡಿ. ಅದು ಮೋಸ.

ಪತ್ರ ಅಲ್ಲಿಗೆ ತಲುಪುವ ಬಗೆ ಹೀಗೆ. ಅರ್ಜಿಯಲ್ಲಿ ನೀವು ಮೂವರ ಹೆಸರು, ಹುದ್ದೆ, ಇಮೇಲ್ ತುಂಬುತ್ತೀರಿ. ವಿಶ್ವವಿದ್ಯಾಲಯದಿಂದ ಅವರಿಗೇ ನೇರವಾಗಿ ಒಂದು ಲಿಂಕ್ ಹೋಗುತ್ತದೆ. ಅದನ್ನು ತೆರೆದು ಅವರು ಲೆಟರ್‌ಹೆಡ್ ಮೇಲಿನ ಸಹಿ ಮಾಡಿದ ಪತ್ರವನ್ನು ಪಿಡಿಎಫ್ ಆಗಿ ಏರಿಸಬೇಕು. ಅನೇಕ ಕಡೆ ಇದರ ಜೊತೆಗೆ ಒಂದು ಕೋಷ್ಟಕವೂ ಇರುತ್ತದೆ: ಬುದ್ಧಿಶಕ್ತಿ, ಸ್ವಂತಿಕೆ, ಬರವಣಿಗೆ, ಇತರರೊಡನೆ ಕೆಲಸ ಮಾಡುವ ಗುಣ, ಇವುಗಳಲ್ಲಿ ಈ ವಿದ್ಯಾರ್ಥಿ ಮೇಲಿನ ಶೇ. 5ರಲ್ಲೋ, ಶೇ. 10ರಲ್ಲೋ, ಶೇ. 25ರಲ್ಲೋ ಎಂದು ಗುರುತು ಹಾಕುವುದು. ಎಷ್ಟು ಕಾಲದಿಂದ, ಯಾವ ಸಂಬಂಧದಿಂದ ಬಲ್ಲಿರಿ ಎಂಬ ಪ್ರಶ್ನೆಯೂ ಬರುತ್ತದೆ. ಎಂಟು ಕಡೆ ಅರ್ಜಿ ಹಾಕಿದರೆ ಒಬ್ಬೊಬ್ಬರಿಗೂ ಎಂಟು ಲಿಂಕ್ ಬರುತ್ತದೆ ಎಂದು ಮೊದಲೇ ತಿಳಿಸಿ. ಪತ್ರ ಒಂದೇ ಸಾಕು, ಆದರೆ ಎಂಟು ಸಲ ಏರಿಸಬೇಕು.

ಇಮೇಲ್ ವಿಳಾಸ ಕಾಲೇಜಿನದೇ ಆಗಿರಬೇಕೆಂದು ಹಲವು ವಿಶ್ವವಿದ್ಯಾಲಯಗಳು ಬಯಸುತ್ತವೆ. ನಮ್ಮ ಅಧ್ಯಾಪಕರಲ್ಲಿ ಅನೇಕರು ಜಿಮೇಲನ್ನೇ ಬಳಸುತ್ತಾರೆ. ಕಾಲೇಜಿನ ಖಾತೆ ಇದ್ದರೂ ಪಾಸ್‌ವರ್ಡ್ ಮರೆತಿರುತ್ತಾರೆ. ಇದನ್ನು ಅಕ್ಟೋಬರಿನಲ್ಲೇ ಕೇಳಿ ತಿಳಿದುಕೊಳ್ಳಿ, ಬೇಕಿದ್ದರೆ ಕಾಲೇಜಿನ ಸಿಸ್ಟಂ ಅಡ್ಮಿನ್ ಹತ್ತಿರ ಸರಿಮಾಡಿಸಲು ಅವರಿಗೆ ಸಮಯ ಸಿಗುತ್ತದೆ. ಲಿಂಕ್ ಕಳಿಸಿದ ದಿನವೇ "ಸರ್, ಸ್ಪ್ಯಾಮ್ ಫೋಲ್ಡರ್ ಕೂಡ ಒಮ್ಮೆ ನೋಡಿ" ಎಂದು ಹೇಳಿ. ಎಲ್ಲ ದೇಶಗಳ ಪದ್ಧತಿಯೂ ಹೀಗೆಯೇ ಇಲ್ಲ. ಕೆಲವು ಕಡೆ ಸಹಿ ಮಾಡಿದ ಪತ್ರವನ್ನು ಅರ್ಜಿದಾರರೇ ಏರಿಸಬೇಕಾಗುತ್ತದೆ, ಜರ್ಮನಿಯ ಹಲವು ಕೋರ್ಸುಗಳು ಪತ್ರವನ್ನೇ ಕೇಳುವುದಿಲ್ಲ. ಆಯಾ ಕೋರ್ಸಿನ ಸೂಚನೆ ಓದಿಯೇ ಮೇಷ್ಟ್ರಿಗೆ ತೊಂದರೆ ಕೊಡಿ.

ಈಗ ಆ ಹಕ್ಕಿನ ಪ್ರಶ್ನೆ. ಇಲ್ಲಿ ತಪ್ಪು ತಿಳಿವಳಿಕೆ ಬಹಳ. ಬಿಟ್ಟುಕೊಟ್ಟರೆ ತನ್ನ ವಿರುದ್ಧ ಏನೋ ಬರೆದುಬಿಡುತ್ತಾರೆ ಎಂದು ಕೆಲವರು ಹೆದರುತ್ತಾರೆ. ಬಿಟ್ಟುಕೊಡದಿದ್ದರೆ ಅರ್ಜಿಯನ್ನೇ ತಳ್ಳಿಹಾಕುತ್ತಾರೆ ಎಂದು ಇನ್ನು ಕೆಲವರು. ಎರಡೂ ಸರಿಯಲ್ಲ. ಅಮೆರಿಕದಲ್ಲಿ 1974ರಲ್ಲಿ ವಿದ್ಯಾರ್ಥಿಗಳ ದಾಖಲೆಗಳಿಗೆ ಸಂಬಂಧಿಸಿದ ಒಂದು ಕಾಯ್ದೆ ಬಂತು, ಅದನ್ನು ಚಿಕ್ಕದಾಗಿ ಫೆರ್ಪಾ ಎನ್ನುತ್ತಾರೆ. ಅದರ ಪ್ರಕಾರ ಒಂದು ವಿಶ್ವವಿದ್ಯಾಲಯಕ್ಕೆ ಸೇರಿದ ವಿದ್ಯಾರ್ಥಿ ತನ್ನ ಬಗ್ಗೆ ಅಲ್ಲಿರುವ ಕಡತವನ್ನು ನೋಡಬಹುದು. ಆ ಕಡತದಲ್ಲಿ ಶಿಫಾರಸು ಪತ್ರವೂ ಸೇರಿರಬಹುದು. ಗಮನಿಸಿ, ಈ ಹಕ್ಕು ಸೇರಿದವರಿಗೆ ಮಾತ್ರ. ಸೀಟು ಸಿಗದವರಿಗೆ ಇಲ್ಲ. ಅರ್ಜಿಯಲ್ಲಿ ಕೇಳುತ್ತಿರುವುದು, ಮುಂದೆ ಬರಬಹುದಾದ ಆ ಹಕ್ಕನ್ನು ಈ ಪತ್ರಗಳ ಮಟ್ಟಿಗೆ ಬಿಡುತ್ತೀರಾ ಎಂದು. ಬಿಡಲೇಬೇಕೆಂದು ವಿಶ್ವವಿದ್ಯಾಲಯ ಷರತ್ತು ಹಾಕುವಂತಿಲ್ಲ ಎಂದು ಅದೇ ಕಾಯ್ದೆ ಹೇಳುತ್ತದೆ.

ನನ್ನ ಸಲಹೆ, ಬಿಡುತ್ತೇನೆ ಎಂದೇ ಗುರುತು ಹಾಕಿ. ವಿದ್ಯಾರ್ಥಿ ಓದುವುದಿಲ್ಲ ಎಂದು ಗೊತ್ತಿದ್ದು ಬರೆದ ಪತ್ರದಲ್ಲಿ ಮುಲಾಜು ಇರುವುದಿಲ್ಲ ಎಂದು ಓದುವವರು ಅದಕ್ಕೆ ಹೆಚ್ಚು ಬೆಲೆ ಕೊಡುತ್ತಾರೆ. ಬರೆಯುವ ಮೇಷ್ಟ್ರಿಗೂ ನಿರಾಳ. ಅವರು ತಾವಾಗಿಯೇ ನಿಮಗೆ ಪತ್ರ ತೋರಿಸಿದರೆ ತಪ್ಪೇನಿಲ್ಲ, ನೀವಾಗಿ ತೋರಿಸಿ ಎಂದು ಕೇಳಬೇಡಿ. ಏನು ಬರೆಯುತ್ತಾರೋ ಎಂಬ ಅಳುಕು ಒಬ್ಬರ ಬಗ್ಗೆ ನಿಮಗಿದ್ದರೆ, ಅವರನ್ನು ಆರಿಸಿಕೊಳ್ಳುವಾಗಲೇ ಯೋಚಿಸಬೇಕಿತ್ತು ಎಂದರ್ಥ.

ಕೊನೆಯ ದಿನಕ್ಕೆ ಎರಡು ವಾರ ಇರುವಾಗ ಒಮ್ಮೆ, ಒಂದು ವಾರ ಇರುವಾಗ ಮತ್ತೊಮ್ಮೆ ವಿನಯದಿಂದ ನೆನಪಿಸಿ. ಅದು ಕಾಟ ಕೊಟ್ಟಂತಲ್ಲ, ಎಷ್ಟೋ ಮೇಷ್ಟ್ರು ನೆನಪಿಸಲಿ ಎಂದೇ ಕಾಯುತ್ತಿರುತ್ತಾರೆ. ಪತ್ರ ಬಂತೋ ಇಲ್ಲವೋ ಎಂಬುದು ನಿಮ್ಮ ಅರ್ಜಿಯ ಪುಟದಲ್ಲೇ ಕಾಣುತ್ತದೆ. ಎಲ್ಲ ಮುಗಿದ ಮೇಲೆ ಹೋಗಿ ಧನ್ಯವಾದ ಹೇಳಿ. ಉಡುಗೊರೆ ಕೊಡಬೇಡಿ, ಅದು ಅವರಿಗೆ ಮುಜುಗರ. ಮಾರ್ಚ್, ಏಪ್ರಿಲಿನಲ್ಲಿ ಫಲಿತಾಂಶ ಬಂದಾಗ, ಸಿಕ್ಕಿದರೂ ಸಿಗದಿದ್ದರೂ, ಅವರಿಗೆ ತಿಳಿಸಿ.

ಇಷ್ಟೆಲ್ಲ ಮಾಡಿದ ಮೇಲೂ ಮೂವರಲ್ಲಿ ಒಬ್ಬರ ಪತ್ರ ಕೊನೆಯ ದಿನದವರೆಗೂ ಬಾರದಿದ್ದರೆ ಗಾಬರಿಯಾಗಬೇಡಿ. ನಿಮ್ಮ ಭಾಗದ ಅರ್ಜಿಯನ್ನು ತಪ್ಪದೆ ಆ ದಿನದೊಳಗೆ ಸಲ್ಲಿಸಿ, ಶುಲ್ಕ ಕಟ್ಟಿ. ಪತ್ರಗಳನ್ನು ಕೆಲವು ದಿನ ತಡವಾಗಿ ಬಂದರೂ ಸ್ವೀಕರಿಸುವ ವಿಭಾಗಗಳು ಸಾಕಷ್ಟಿವೆ. ಆ ವಿಭಾಗದ ಪ್ರವೇಶ ಕಚೇರಿಗೆ, ಇಂಥವರ ಪತ್ರ ಬರುವುದು ಬಾಕಿ ಇದೆ, ಎಲ್ಲಿಯವರೆಗೆ ಸ್ವೀಕರಿಸುತ್ತೀರಿ ಎಂದು ಎರಡು ಸಾಲಿನ ಇಮೇಲ್ ಬರೆಯಿರಿ. ಅವರು ಕೊಟ್ಟ ಉತ್ತರವನ್ನು ಮೇಷ್ಟ್ರಿಗೆ ಕಳಿಸಿ, ಫೋನ್ ಮಾಡಿ ತಿಳಿಸಿ. ಇಂಥ ಸಂದರ್ಭಕ್ಕಾಗಿಯೇ ನಾಲ್ಕನೆಯ ಅಧ್ಯಾಪಕರೊಬ್ಬರನ್ನು ಮೊದಲೇ ಕೇಳಿ, ನಿಮ್ಮ ಆ ಒಂದು ಪುಟವನ್ನು ಅವರಿಗೂ ಕೊಟ್ಟಿಟ್ಟಿರಿ.